ಬೆಂಕಿ ಆರಿಸದ ಬೆಂಕಿ ಕಚೇರಿ

ಇವತ್ತು ನಾನು ಹೇಳಹೊರಟಿರುವ ಕಚೇರಿಯ ಹತ್ತಿರ ಒಂದೇ ಒಂದು ಅಗ್ನಿಶಾಮಕ ವಾಹನವಿಲ್ಲ. ಹೆಲಿಕಾಪ್ಟರ್ ಇಲ್ಲ, ನೀರಿನ ಪೈಪೂ ಇಲ್ಲ. ಎಲ್ಲೋ ಗುಡ್ಡಕ್ಕೆ ಬೆಂಕಿ ಬಿತ್ತು ಅಂತ ಸುದ್ದಿ ಬಂದರೆ ಇಲ್ಲಿಂದ ಯಾರೂ ಎದ್ದು ಓಡುವುದಿಲ್ಲ. ಆದರೂ ಪೋರ್ಚುಗಲ್ 2018ರಲ್ಲಿ ಕಾಡ್ಗಿಚ್ಚಿನ ಸಲುವಾಗಿಯೇ ಇದನ್ನು ಕಟ್ಟಿ, ಪ್ರಧಾನಿಯ ನೇರ ಸುಪರ್ದಿಗೆ ಕೊಟ್ಟಿತು. ಗ್ರಾಮೀಣ ಬೆಂಕಿಗಳ ಸಮಗ್ರ ನಿರ್ವಹಣಾ ಸಂಸ್ಥೆ ಅನ್ನುವುದು ಪೂರ್ತಿ ಹೆಸರು. ಪೋರ್ಚುಗೀಸ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅಲ್ಲಿನವರು ‘ಅಜಿಫ್’ ಅನ್ನುತ್ತಾರೆ.

ನಮ್ಮಲ್ಲೂ ಬೇಸಿಗೆಯಲ್ಲಿ ಕಾಡು ಹೊತ್ತಿಕೊಂಡಾಗ ‘ಇದಕ್ಕೊಂದು ಬೇರೆ ವ್ಯವಸ್ಥೆಯೇ ಬೇಕು’ ಎಂಬ ಮಾತು ಏಳುತ್ತದೆ, ಮೊದಲ ಮಳೆಗೆ ತಣ್ಣಗಾಗುತ್ತದೆ. ಬೇಕೋ ಬೇಡವೋ ಅಂತ ವಾದಕ್ಕಿಳಿಯುವ ಮುಂಚೆ, ಹಾಗೆ ಕಟ್ಟಿದವರು ಹೇಗೆ ಕಟ್ಟಿದರು, ಯಾವುದು ಕೈಗೂಡಿತು, ಎಲ್ಲಿ ಮುಗ್ಗರಿಸಿದರು ಅನ್ನುವುದನ್ನು ನೋಡೋಣ.

2017ರ ಜೂನ್ 17, ಶನಿವಾರ. ಪೋರ್ಚುಗಲ್‌ನ ನಡುಭಾಗದ ಪೆದ್ರೊಗಾವ್ ಗ್ರಾಂದೆ ಎಂಬ ತಾಲ್ಲೂಕಿನಂಥ ಪ್ರದೇಶದಲ್ಲಿ ಹೊತ್ತಿದ ಬೆಂಕಿಗೆ 66 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಮನೆಯೊಳಗಿದ್ದವರಲ್ಲ. ಹೊಗೆ ಕಂಡು ಹೆದರಿ ಕಾರು ಹತ್ತಿ ಹೊರಟವರು. ಅವರಲ್ಲಿ ಅನೇಕರು 236-1 ಎಂಬ ಸಂಖ್ಯೆಯ ರಸ್ತೆಯಲ್ಲಿ ಸಿಕ್ಕಿಬಿದ್ದರು. ಪೈನ್ ಮತ್ತು ನೀಲಗಿರಿ ಮರಗಳು ಡಾಂಬರಿನ ಅಂಚಿಗೇ ಬಂದು ನಿಂತಿದ್ದವು. ತುರ್ತು ಸಂಪರ್ಕದ ರೇಡಿಯೊ ಜಾಲ ಕೈಕೊಟ್ಟಿತ್ತು. ಯಾವ ರಸ್ತೆ ಮುಚ್ಚಬೇಕು, ಯಾವ ಊರಿನವರು ಮನೆಯಲ್ಲೇ ಇರಬೇಕು, ಯಾವ ಊರಿನವರು ಹೊರಡಬೇಕು ಅನ್ನುವುದನ್ನು ಮೊದಲೇ ಯಾರೂ ತೀರ್ಮಾನಿಸಿ ಇಟ್ಟಿರಲಿಲ್ಲ.

ಸಂಸತ್ತು ಸ್ವತಂತ್ರ ತಾಂತ್ರಿಕ ಆಯೋಗವೊಂದನ್ನು ನೇಮಿಸಿತು. ಅದರ ವರದಿ ಅಕ್ಟೋಬರ್ 12ಕ್ಕೆ ಬಂತು. ತಡೆಯುವವರು ಒಂದು ಕಡೆ, ಆರಿಸುವವರು ಇನ್ನೊಂದು ಕಡೆ, ಇಬ್ಬರನ್ನೂ ಒಂದೇ ಯೋಜನೆಗೆ ಕಟ್ಟುವ ಸಂಸ್ಥೆಯೊಂದು ಬೇಕು ಅನ್ನುವುದು ಅದರ ಶಿಫಾರಸುಗಳಲ್ಲಿ ಒಂದು. ವರದಿಯನ್ನು ಓದಿ ಮುಗಿಸುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಮೂರೇ ದಿನಕ್ಕೆ, ಅಕ್ಟೋಬರ್ 15ರಂದು, ಒಫೀಲಿಯಾ ಚಂಡಮಾರುತ ಕರಾವಳಿಯಿಂದಾಚೆ ಹಾದುಹೋಗುತ್ತ ತೆಂಕಣ ಗಾಳಿಯನ್ನು ಜೋರಾಗಿ ಎಳೆಯಿತು. ಒಂದೇ ದಿನ ಐನೂರಕ್ಕೂ ಹೆಚ್ಚು ಕಡೆ ಬೆಂಕಿ. ಇನ್ನೂ ಸುಮಾರು ಐವತ್ತು ಜನ ಸತ್ತರು. ಆ ವರ್ಷ ಸುಟ್ಟಿದ್ದು 5 ಲಕ್ಷ ಹೆಕ್ಟೇರ್‌ಗಿಂತ ಹೆಚ್ಚು. ಗೃಹ ಸಚಿವೆ ಅಕ್ಟೋಬರ್ 18ಕ್ಕೆ ರಾಜೀನಾಮೆ ಕೊಟ್ಟರು, 21ಕ್ಕೆ ವಿಶೇಷ ಸಚಿವ ಸಂಪುಟ ಸಭೆ ಸೇರಿತು. ಆಗಿನ ಪ್ರಧಾನಿ ಆಂಟೋನಿಯೊ ಕೋಸ್ಟಾ. ತಂದೆಯ ಕಡೆಯಿಂದ ಅವರು ನಮ್ಮ ಪಕ್ಕದ ಮಡಗಾಂವ್ ಮೂಲದವರು. ಈ ವಿಷಯಕ್ಕೂ ಅದಕ್ಕೂ ಸಂಬಂಧವೇನಿಲ್ಲ, ಗೋವಾ ಹತ್ತಿರವಲ್ಲವೇ ಅಂತ ಹೇಳಿದೆ.

ಈಗ ಕಚೇರಿಗೆ ಬರೋಣ. ಅಲ್ಲಿ ಕಾಡಿನ ಬೆಂಕಿಯ ಕೆಲಸ ಎಷ್ಟು ಕೈಗಳಲ್ಲಿ ಹಂಚಿಹೋಗಿತ್ತು ನೋಡಿ. ಕಾಡಿನ ನಿರ್ವಹಣೆ ಐಸಿಎನ್‌ಎಫ್ ಎಂಬ ಪ್ರಕೃತಿ ಮತ್ತು ಅರಣ್ಯ ಸಂಸ್ಥೆಯದು. ಬೆಂಕಿ ಆರಿಸುವುದು ಗೃಹ ಖಾತೆಯ ಕೆಳಗಿನ ನಾಗರಿಕ ರಕ್ಷಣಾ ಪ್ರಾಧಿಕಾರದ್ದು, ಆದರೆ ನೆಲದ ಮೇಲೆ ನಿಂತು ಆರಿಸುವವರಲ್ಲಿ ಬಹುಪಾಲು ಊರೂರಿನ ಸ್ವಯಂಸೇವಕ ಅಗ್ನಿಶಾಮಕರು. ಗಸ್ತು, ದಂಡ, ತನಿಖೆ ಗ್ರಾಮಾಂತರ ಪೊಲೀಸ್ ಪಡೆಗೆ ಸೇರಿದ್ದು. ಹವಾಮಾನ ಇಲಾಖೆ ಬೇರೆ. ಮುಖ್ಯ ಭೂಭಾಗದಲ್ಲಿ 278 ಪುರಸಭೆಗಳು, ಒಂದೊಂದಕ್ಕೂ ತನ್ನದೇ ಯೋಜನೆ. ಇಷ್ಟೆಲ್ಲ ಇದ್ದೂ 2017ರಲ್ಲಿ ಒಟ್ಟು ಖರ್ಚು 14 ಕೋಟಿ 30 ಲಕ್ಷ ಯೂರೊ. ಅದರಲ್ಲಿ ನೂರಕ್ಕೆ ಎಂಬತ್ತು ಆರಿಸುವುದಕ್ಕೆ, ಇಪ್ಪತ್ತು ತಡೆಯುವುದಕ್ಕೆ.

ಹೊಸ ಸಂಸ್ಥೆಯನ್ನು ಒಂದೇ ಏಟಿಗೆ ಕಟ್ಟಲಿಲ್ಲ. ಮೊದಲು ಟಿಯಾಗೊ ಒಲಿವೇರ ಎಂಬ ಅರಣ್ಯ ಎಂಜಿನಿಯರ್ ನೇತೃತ್ವದಲ್ಲಿ ಸಣ್ಣ ತಂಡವೊಂದನ್ನು ಕೂರಿಸಿದರು. 2018ರ ಫೆಬ್ರವರಿ 16ರಂದು ಸಂಸ್ಥೆಯ ಕಾನೂನು ಬಂತು. ಪೂರ್ಣ ಪ್ರಮಾಣದ ಕೆಲಸ ಶುರುವಾದದ್ದು 2019ರಲ್ಲಿ. ಇದನ್ನು ಗಮನಿಸಿ. ದುರಂತದ ಬಿಸಿ ಇನ್ನೂ ಆರದ, ರಾಜಕೀಯ ಒತ್ತಾಸೆ ತುಂಬಿದ್ದ ದೇಶದಲ್ಲೇ ಕಚೇರಿಯೊಂದು ಕಾಲ ಮೇಲೆ ನಿಲ್ಲಲು ಹೆಚ್ಚೂಕಡಿಮೆ ಒಂದೂಕಾಲು ವರ್ಷ ಹಿಡಿಯಿತು. ನಡುವೆ ಒಂದಿಡೀ ಬೇಸಿಗೆ ಬಂದುಹೋಯಿತು.

ವಾಹನ ಯಾಕೆ ಕೊಡಲಿಲ್ಲ ಅಂತ ನೀವು ಕೇಳಬಹುದು. ನನ್ನ ಲೆಕ್ಕದಲ್ಲಿ ಇಡೀ ವಿನ್ಯಾಸದಲ್ಲಿ ಅದೇ ಜಾಣತನ. ವಾಹನ ಇರುವ ಕಚೇರಿಗೆ ಬೇಸಿಗೆ ಬಂದೊಡನೆ ಬೇರೆ ಕೆಲಸ ಮರೆತುಹೋಗುತ್ತದೆ. ಬೆಂಕಿ ಬಿದ್ದಾಗ ಟೀವಿಯ ಕ್ಯಾಮೆರಾ ಅದರ ಬಾಗಿಲಲ್ಲಿ ನಿಲ್ಲುತ್ತದೆ, ಸಚಿವರ ಫೋನು ಅಲ್ಲಿಗೇ ಬರುತ್ತದೆ, ಮುಂದಿನ ಬಜೆಟ್‌ನಲ್ಲಿ ಅದು ಇನ್ನಷ್ಟು ವಾಹನ ಕೇಳುತ್ತದೆ. ಚಳಿಗಾಲದಲ್ಲಿ ಮಾಡಬೇಕಾದ ಕೆಲಸ, ಅಂದರೆ ಪೊದೆ ಸವರುವುದು, ರಸ್ತೆ ಅಂಚು ಬಿಡಿಸುವುದು, ಊರವರನ್ನು ಕೂರಿಸಿ ಮಾತಾಡುವುದು, ಇವು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾರ ಕಣ್ಣಿಗೂ ಬೀಳದ ಕೆಲಸಕ್ಕೇ ಮೀಸಲಾದ ಕಚೇರಿ ಬೇಕಿತ್ತು.

ಹಾಗಾದರೆ ಅದು ದಿನವೂ ಮಾಡುವುದೇನು? ಕೆಲಸವನ್ನು ಆರು ಕೊಂಡಿಗಳ ಸರಪಳಿಯಾಗಿ ವಿಂಗಡಿಸಿದರು: ಯೋಜನೆ, ಸಿದ್ಧತೆ, ತಡೆ, ಬೆಂಕಿಗೆ ಮುಂಚಿನ ಕಾವಲು, ಆರಿಸುವುದು ಮತ್ತು ರಕ್ಷಣೆ, ಬೆಂಕಿಯ ನಂತರದ್ದು. ಒಂದೊಂದು ಕೊಂಡಿಯಲ್ಲೂ ಯಾರು ಮಾಡುವವರು, ಯಾರ ಒಪ್ಪಿಗೆ ಬೇಕು, ಯಾರಿಗೆ ತಿಳಿಸಬೇಕು ಅಂತ ಬರೆದಿಟ್ಟರು. 2021ರ ಕಾನೂನು ಇದನ್ನು ಗಟ್ಟಿ ಮಾಡಿತು: ಕಾಡು ಮತ್ತು ಹೊಲದ ಕಡೆಯ ಬೆಂಕಿ ನಿರ್ವಹಣೆ ಐಸಿಎನ್‌ಎಫ್ ಪಾಲಿಗೆ, ಜನ ಮತ್ತು ಮನೆಗಳ ರಕ್ಷಣೆ ನಾಗರಿಕ ರಕ್ಷಣಾ ಪ್ರಾಧಿಕಾರದ ಪಾಲಿಗೆ, ಎರಡನ್ನೂ ಹೊಲಿಯುವ ದಾರ ಅಜಿಫ್ ಕೈಗೆ. ಎಲ್ಲ ಇಲಾಖೆಗಳ ಬೆಂಕಿ ಖರ್ಚೂ ಒಂದೇ ಲೆಕ್ಕದ ಪುಸ್ತಕಕ್ಕೆ ಬರುತ್ತದೆ, ಆ ಪುಸ್ತಕ ಪ್ರತಿ ವರ್ಷ ಸಂಸತ್ತಿನ ಮುಂದೆ ತೆರೆದುಕೊಳ್ಳುತ್ತದೆ. ಈ ಕೊನೆಯದ್ದು ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ಎಂಬತ್ತು-ಇಪ್ಪತ್ತು ಅನ್ನುವ ಅಂಕಿ ಎಲ್ಲರ ಬಾಯಿಗೂ ಬಂದದ್ದು ಹೀಗೆ ಕೂಡಿ ನೋಡಿದ್ದರಿಂದಲೇ. 2021ರ ಹೊತ್ತಿಗೆ ತಡೆಯುವ ಕೆಲಸದ ಪಾಲು ಸುಮಾರು ಶೇ 46ಕ್ಕೆ ಏರಿತ್ತು, ಒಟ್ಟು ಹಣವೂ ದುಪ್ಪಟ್ಟು ದಾಟಿತ್ತು. ಆರಿಸುವವರ ಹಣ ಕಿತ್ತು ತಡೆಯುವವರಿಗೆ ಕೊಡಲಿಲ್ಲ, ಹೊಸದಾಗಿ ಬಂದ ಹಣದ ದೊಡ್ಡ ಪಾಲನ್ನು ಈ ಕಡೆ ತಿರುಗಿಸಿದರು. ಹಾಗೆ ಮಾಡಿಯೂ ಸ್ವಯಂಸೇವಕ ಅಗ್ನಿಶಾಮಕರ ಸಂಘಟನೆಗಳ ಟೀಕೆ ತಪ್ಪಲಿಲ್ಲ.

‘ಕಾಡ್ಗಿಚ್ಚು’ ಅನ್ನದೆ ‘ಗ್ರಾಮೀಣ ಬೆಂಕಿ’ ಅಂತ ಯಾಕೆ ಹೆಸರಿಟ್ಟರು ಅನ್ನುವುದಕ್ಕೂ ಕಾರಣವಿದೆ. ಅಲ್ಲಿ ಬೆಂಕಿ ಹುಟ್ಟುವುದು ಬಹುತೇಕ ಕಾಡಿನೊಳಗಲ್ಲ. ಆಲಿವ್ ತೋಟದ ಸವರಿದ ಕೊಂಬೆ ಸುಡುವಾಗ, ಕುರಿಗೆ ಹೊಸ ಹುಲ್ಲು ಚಿಗುರಲಿ ಅಂತ ಪೊದೆಗೆ ಬೆಂಕಿ ಇಡುವಾಗ, ಹೊಲದ ಅಂಚಿನಲ್ಲಿ ಹುಟ್ಟಿ, ಬೇಸಾಯ ಬಿಟ್ಟು ಪೊದೆ ಬೆಳೆದ ಭೂಮಿಯ ಮೇಲೆ ಹಾದು ಕಾಡಿಗೆ ಹೋಗುತ್ತದೆ. ಕಾಡು ಅಂತಷ್ಟೇ ಹೆಸರಿಟ್ಟರೆ ಹೊಲದವರು ‘ನಮಗ್ಯಾಕೆ’ ಅಂತ ಕೂತುಬಿಡುತ್ತಾರೆ.

ಕೊಂಬೆ ಸುಡುವುದನ್ನು ಪೂರಾ ನಿಷೇಧಿಸಿದರೆ ಏನಾಗುತ್ತದೆ? ರೈತ ಕದ್ದು ಸುಡುತ್ತಾನೆ. ಕದ್ದು ಸುಡುವವನು ಸಂಜೆ ಗಾಳಿ ಎದ್ದ ಮೇಲೆ, ಒಬ್ಬನೇ, ನೀರಿಲ್ಲದೆ ಸುಡುತ್ತಾನೆ. ಕೈಮೀರಿದರೆ ಫೋನ್ ಮಾಡುವುದಕ್ಕೂ ಹೆದರುತ್ತಾನೆ. ಆದ್ದರಿಂದ ನಿಷೇಧದ ಬದಲು ನೋಂದಣಿ ತಂದರು. ಫೋನಿನಲ್ಲೋ ಅಂತರ್ಜಾಲದಲ್ಲೋ ಜಾಗ ಮತ್ತು ದಿನ ಹೇಳಬೇಕು. ಆ ಊರಿಗೆ ಆ ದಿನದ ಅಪಾಯದ ಮಟ್ಟ ನೋಡಿ ಸುಡಬಹುದೋ ಬೇಡವೋ ಎಂಬ ಉತ್ತರ ಬರುತ್ತದೆ. ಸುಡುವವನಿಗೆ ಹೇಳುವ ಮಾತುಗಳು ತೀರ ಸರಳ: ಒಬ್ಬನೇ ಇರಬೇಡ, ಫೋನ್ ಕೈಯಲ್ಲಿರಲಿ, ರಾಶಿ ಸಣ್ಣದಿರಲಿ, ಸುತ್ತ ಮಣ್ಣು ಕಾಣುವವರೆಗೆ ಕೆರೆದಿರು, ನೀರು ಪಕ್ಕದಲ್ಲಿರಲಿ, ಬೂದಿಗೆ ನೀರು ಹಾಕಿ ಕೆದಕಿ ತಣ್ಣಗಾಗುವವರೆಗೆ ಜಾಗ ಬಿಡಬೇಡ. ಕೆಲವು ಕಡೆ ಕೊಂಬೆ ಪುಡಿ ಮಾಡುವ ಯಂತ್ರಗಳನ್ನೂ ಒದಗಿಸಿದರು. 2017ರಲ್ಲಿ 21 ಸಾವಿರದ ಆಸುಪಾಸು ಇದ್ದ ಬೆಂಕಿ ಪ್ರಕರಣಗಳು 2023ರಲ್ಲಿ ಸುಮಾರು ಏಳೂವರೆ ಸಾವಿರಕ್ಕೆ ಇಳಿದವು. ಇದೊಂದರಿಂದಲೇ ಇಳಿಯಿತು ಅಂತ ನಾನು ಹೇಳುತ್ತಿಲ್ಲ, ಆದರೆ ಇದರ ಪಾಲು ದೊಡ್ಡದು.

ಇನ್ನು ಮನೆ ಸುತ್ತಲಿನ 50 ಮೀಟರ್. ಹಳ್ಳಿಗಾಡಿನ ಮನೆಯಿದ್ದರೆ ಗೋಡೆಯಿಂದ 50 ಮೀಟರ್, ಊರಿನ ಸುತ್ತ 100 ಮೀಟರ್, ರಸ್ತೆಯ ಎರಡೂ ಬದಿ 10 ಮೀಟರ್ ಪಟ್ಟಿಯಲ್ಲಿ ಉರುವಲು ಕಡಿಮೆ ಮಾಡಬೇಕು ಅನ್ನುವುದು 2006ರಿಂದಲೂ ಅಲ್ಲಿನ ಕಾನೂನಿನಲ್ಲಿತ್ತು. ಪಾಲಿಸುವವರು ಕಡಿಮೆ. 2018ರಲ್ಲಿ ದಂಡ ದುಪ್ಪಟ್ಟು ಮಾಡಿದರು. ಒಬ್ಬ ವ್ಯಕ್ತಿಗೆ 280ರಿಂದ 10,000 ಯೂರೊವರೆಗೆ. ಆ ವರ್ಷ ಮಾರ್ಚ್ 15 ಕೊನೆಯ ದಿನವಾಗಿತ್ತು. ಮಾಲೀಕ ಮಾಡದಿದ್ದರೆ ಪುರಸಭೆಯೇ ಮಾಡಿ ಬಿಲ್ ಕಳಿಸಬಹುದು.

‘ಉರುವಲು ಕಡಿಮೆ ಮಾಡುವುದು’ ಅಂದರೆ ಬೋಳಿಸುವುದಲ್ಲ. ಆಗಿನ ನಿಯಮದಂತೆ ಮರದಿಂದ ಮರಕ್ಕೆ ನೆತ್ತಿಯ ನಡುವೆ 4 ಮೀಟರ್ ಅಂತರ ಇರಬೇಕು, ಪೈನ್ ಮತ್ತು ನೀಲಗಿರಿಯಾದರೆ 10 ಮೀಟರ್. ಆ ಎರಡಕ್ಕೆ ಯಾಕೆ ಜಾಸ್ತಿ? ನೀಲಗಿರಿಯ ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿಯುತ್ತದೆಯಲ್ಲ, ಉರಿಯುವ ಆ ಪಟ್ಟಿ ಗಾಳಿಗೆ ಹಾರಿ ಮುಂದೆಲ್ಲೋ ಬಿದ್ದು ಅಲ್ಲಿ ಹೊಸ ಬೆಂಕಿ ಹುಟ್ಟಿಸುತ್ತದೆ. ಕೋಲಾರದ ಕಡೆಯವರಿಗೆ ಈ ತೊಗಟೆಯನ್ನು ನಾನು ವರ್ಣಿಸಬೇಕಾಗಿಲ್ಲ. ದೊಡ್ಡ ಮರದ ಕೆಳಗಿನ ಕೊಂಬೆಗಳನ್ನು ನೆಲದಿಂದ 4 ಮೀಟರ್‌ವರೆಗೆ ಸವರಬೇಕು, ಇಲ್ಲದಿದ್ದರೆ ಹುಲ್ಲಿನ ಬೆಂಕಿ ಏಣಿ ಹತ್ತಿದ ಹಾಗೆ ನೆತ್ತಿಗೆ ಹೋಗುತ್ತದೆ. ಮನೆಯಿಂದ 5 ಮೀಟರ್‌ನೊಳಗೆ ಕೊಂಬೆ ಚಾಚಿರಬಾರದು. ಮನೆಗಳು ಹತ್ತುವುದು ಎದುರಿನ ಜ್ವಾಲೆಗಿಂತ ಹೆಚ್ಚಾಗಿ ಕಿಡಿಯಿಂದ. ಹೆಂಚಿನ ಸಂದಿಯ ಒಣ ಎಲೆ, ಗೋಡೆಗೊರಗಿಸಿದ ಸೌದೆ ರಾಶಿ, ಇಂಥ ಕಡೆ ಒಂದು ಕಿಡಿ ಕೂತರೆ ಸಾಕು.

ಇದು ಜನರಿಗೆ ತಲುಪಿದ ರೀತಿಯೇ ಬೇರೆ. ದಂಡದ ಸುದ್ದಿ ಮೊದಲು ಹೋಯಿತು, ವಿವರ ಹಿಂದೆ ಬಂತು. ಗಾಬರಿಬಿದ್ದ ಜನ ಹಿತ್ತಲಿನ ಹಣ್ಣಿನ ಮರಗಳನ್ನೇ ಕಡಿದು ಕೆಡವಿದರು. ಹಣ್ಣಿನ ಗಿಡ ಕಡಿಯಬೇಕಿಲ್ಲ ಅಂತ ಸರ್ಕಾರ ಆಮೇಲೆ ಸಾರಿ ಸಾರಿ ಹೇಳಬೇಕಾಯಿತು. ಮರ ಕಡಿಯುವವರ ಕೂಲಿ ಏರಿತು, ಯಂತ್ರ ಸಿಗದಾಯಿತು. ಕೊನೆಗೆ ಮೇ ಮುಗಿಯುವುದರೊಳಗೆ ಮಾಡಿದವರಿಗೆ ದಂಡವಿಲ್ಲ ಅಂದರು. ತೋಟ-ಕಾಡಿನ ಮಾಲೀಕರನ್ನು ಹುಡುಕುವುದೇ ಇನ್ನೊಂದು ಕಷ್ಟ. ಪೋರ್ಚುಗಲ್‌ನ ಕಾಡಿನಲ್ಲಿ ಸರ್ಕಾರದ್ದು ಸುಮಾರು ಶೇ 3 ಮಾತ್ರ. ಉತ್ತರ ಮತ್ತು ನಡುಭಾಗದಲ್ಲಿ ಹಿಡುವಳಿ ತೀರ ಚೂರುಚೂರು, ಎಷ್ಟೋ ಜಾಗಕ್ಕೆ ಸರ್ವೆ ದಾಖಲೆಯೇ ಇರಲಿಲ್ಲ. ಮಾಲೀಕ ಫ್ರಾನ್ಸಿಗೆ ದುಡಿಯಲು ಹೋದವನು, ಅವನ ಮಕ್ಕಳಿಗೆ ಜಮೀನು ಎಲ್ಲಿದೆ ಅಂತಲೇ ಗೊತ್ತಿಲ್ಲ. ಹೀಗಿರುವಾಗ ನೋಟಿಸು ಯಾರ ಬಾಗಿಲಿಗೆ ಅಂಟಿಸುವುದು? ಅದಕ್ಕಾಗಿ ಹಿಡುವಳಿ ಗುರುತಿಸಿ ನೋಂದಾಯಿಸುವ ದೊಡ್ಡ ಕೆಲಸವನ್ನೇ ಬೇರೆಯಾಗಿ ಎತ್ತಿಕೊಳ್ಳಬೇಕಾಯಿತು.

ರಸ್ತೆಯಲ್ಲಿ ಸತ್ತವರ ಪಾಠದಿಂದ ಹುಟ್ಟಿದ್ದು ‘ಸುರಕ್ಷಿತ ಊರು, ಸುರಕ್ಷಿತ ಜನ’ ಎಂಬ ಕಾರ್ಯಕ್ರಮ. ಊರಿಗೊಬ್ಬ ಸುರಕ್ಷಾ ಮುಖಂಡ, ಎಲ್ಲರಿಗೂ ಗೊತ್ತಿರುವ ಒಂದು ಆಸರೆ ಜಾಗ, ಇಂಥ ದಾರಿಯಿಂದಲೇ ಹೋಗಬೇಕೆಂಬ ಫಲಕ, ಬೇಸಿಗೆಗೆ ಮುಂಚೆ ಅಣಕು ಸ್ಥಳಾಂತರ. ಖರ್ಚು ಕಡಿಮೆ. ಕಷ್ಟ ಯಾವುದೆಂದರೆ ನಡೆಯಲಾರದ ಮುದುಕರ ಪಟ್ಟಿ ಇಟ್ಟುಕೊಳ್ಳುವುದು ಮತ್ತು ಅದನ್ನು ವರ್ಷವರ್ಷ ತಿದ್ದುವುದು. 2018ರ ಆಗಸ್ಟ್‌ನಲ್ಲಿ ದಕ್ಷಿಣದ ಮೊಂಶಿಕ್ ಬೆಟ್ಟಗಳಲ್ಲಿ ಸುಮಾರು 27 ಸಾವಿರ ಹೆಕ್ಟೇರ್ ಸುಟ್ಟಿತು, ಒಂದು ಜೀವವೂ ಹೋಗಲಿಲ್ಲ. ಪೊಲೀಸರು ಊರುಗಳನ್ನು ಬೇಗ ಖಾಲಿ ಮಾಡಿಸಿದ್ದರು.

ಇಷ್ಟೆಲ್ಲ ಹೇಳಿ ಇದೊಂದು ಗೆದ್ದ ಕಥೆ ಅಂದರೆ ನಿಮಗೆ ಮೋಸ ಮಾಡಿದ ಹಾಗೆ. 2030ರವರೆಗಿನ ರಾಷ್ಟ್ರೀಯ ಯೋಜನೆಯಲ್ಲಿ, ಹತ್ತು ವರ್ಷ ಕೂಡಿ ಸುಡುವುದು 6 ಲಕ್ಷ 60 ಸಾವಿರ ಹೆಕ್ಟೇರ್ ಮೀರಬಾರದು ಅಂತ ಗುರಿ ಬರೆದುಕೊಂಡಿದ್ದರು. 2024ರಲ್ಲಿ ಬೆಂಕಿಯ ಸಂಖ್ಯೆ ಆರು ಸಾವಿರದ ಚಿಲ್ಲರೆಗೆ ಇಳಿದಿತ್ತು, ಆದರೆ ಸೆಪ್ಟೆಂಬರ್‌ನ ಕೆಲವೇ ದಿನಗಳ ಪೂರ್ವದ ಒಣಗಾಳಿಗೆ ಲಕ್ಷ ಹೆಕ್ಟೇರ್ ಹೋಯಿತು. 2025ರಲ್ಲಿ ಎರಡೂವರೆ ಲಕ್ಷ ದಾಟಿತು. ಅರ್ಗನಿಲ್ ಕಡೆ ಎದ್ದ ಒಂದೇ ಬೆಂಕಿ 60 ಸಾವಿರ ಹೆಕ್ಟೇರ್ ಮೀರಿ, ಆ ದೇಶದ ದಾಖಲೆಯಲ್ಲೇ ದೊಡ್ಡದಾಯಿತು. ಕಿಡಿಗಳನ್ನು ಕಡಿಮೆ ಮಾಡಿದರು, ಉರುವಲನ್ನು ಅಷ್ಟು ಬೇಗ ಕಡಿಮೆ ಮಾಡಲು ಆಗಲಿಲ್ಲ. ಹತ್ತರಲ್ಲಿ ಒಂಬತ್ತು ಬೆಂಕಿಯನ್ನು ಚಿಕ್ಕದಿರುವಾಗಲೇ ಆರಿಸಿದರೆ ಸುಡದೆ ಉಳಿದ ಪೊದೆಯೆಲ್ಲ ಹತ್ತನೆಯದಕ್ಕೆ ಮೇವಾಗುತ್ತದೆ. ಚಳಿಗಾಲದಲ್ಲಿ ನಿಯಂತ್ರಿತವಾಗಿ ಸುಡುವುದು ಇದಕ್ಕೆ ಮದ್ದು. ಆದರೆ ಅದಕ್ಕೆ ಗಾಳಿ, ತೇವ, ಹುಲ್ಲಿನ ಒಣಗುವಿಕೆ ಮೂರೂ ಹೊಂದುವ ದಿನ ಬೇಕು. ಅಂಥ ದಿನಗಳು ಬೆರಳೆಣಿಕೆಯಷ್ಟು, ಕಲಿತ ಕೈಗಳೂ ಬೆರಳೆಣಿಕೆಯಷ್ಟು.

ಹೊಲಿಯುವ ದಾರಕ್ಕೆ ಕತ್ತರಿಯ ಅಧಿಕಾರವಿಲ್ಲ ಅನ್ನುವುದು ಇನ್ನೊಂದು ಕೊರತೆ. 2022ರಲ್ಲಿ ಬೆಂಕಿ ಅಪಾಯದ ಹೊಸ ನಕ್ಷೆ ಪ್ರಕಟವಾಯಿತು. ಹೆಚ್ಚು ಅಪಾಯದ ಬಣ್ಣ ಬಿದ್ದ ಕಡೆ ಹೊಸ ಕಟ್ಟಡಕ್ಕೆ ಅಡ್ಡಿ. ಒಳನಾಡಿನ ಪುರಸಭೆಗಳು ಎದ್ದುನಿಂತವು: ಮೊದಲೇ ಊರು ಖಾಲಿಯಾಗುತ್ತಿದೆ, ಮನೆ ಕಟ್ಟಬೇಡಿ ಅಂದರೆ ಯಾರು ಉಳಿಯುತ್ತಾರೆ? ನಕ್ಷೆಯ ಜಾರಿಯನ್ನು ಮುಂದೂಡಬೇಕಾಯಿತು. ಸಮನ್ವಯದ ಕಚೇರಿ ಸಭೆ ಕರೆಯಬಹುದು, ಅಂಕಿ ತೋರಿಸಬಹುದು. ಮೇಲೆ ಕೂತವರ ಆಸಕ್ತಿ ಇರುವವರೆಗೆ ಮಾತ್ರ ಅದರ ಮಾತು ನಡೆಯುತ್ತದೆ. ಪ್ರಧಾನಿಯ ಕೈಕೆಳಗೆ ಇಟ್ಟದ್ದು ಅದಕ್ಕೇ.

ನಮ್ಮ ರಾಜ್ಯಕ್ಕೆ ಇದನ್ನು ಹಾಗೇ ಎತ್ತಿ ತರಲಾಗದು. ನಮ್ಮ ಕಾಡು ಬಹುಪಾಲು ಸರ್ಕಾರದ್ದು, ಮಾಲೀಕನನ್ನು ಹುಡುಕುವ ಕಷ್ಟ ಇಲ್ಲ. ನಮ್ಮ ಕಷ್ಟ ಅಂಚಿನಲ್ಲಿದೆ. ಮೀಸಲು ಅರಣ್ಯ ಅರಣ್ಯ ಇಲಾಖೆಯದು. ಅದಕ್ಕೆ ತಾಗಿದ ಗೋಮಾಳ ಕಂದಾಯದ್ದು, ಆಚೆಯ ಕಾಫಿ ತೋಟ ಖಾಸಗಿ, ನಡುವೆ ಹಾದ ವಿದ್ಯುತ್ ತಂತಿ ಎಸ್ಕಾಂನದು, ಹೆದ್ದಾರಿ ಅಂಚಿನ ಹುಲ್ಲು ಇನ್ಯಾರದೋ. ಬೆಂಕಿಗೆ ಈ ಗಡಿಕಲ್ಲುಗಳು ಕಾಣುವುದಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಕೆಲವೇ ದಿನಗಳಲ್ಲಿ 4,000 ಹೆಕ್ಟೇರ್‌ಗೂ ಹೆಚ್ಚು ಹೋದಾಗ ಒಣಗಿದ ಲಂಟಾನ ಮಾಡಿದ್ದು ಪೋರ್ಚುಗಲ್‌ನ ಪೊದೆ ಮಾಡಿದ ಕೆಲಸವನ್ನೇ.

ಉಪಗ್ರಹ ನೋಡಿಕೊಳ್ಳುತ್ತದೆ ಅನ್ನುವವರಿದ್ದಾರೆ. ಭಾರತೀಯ ಅರಣ್ಯ ಸಮೀಕ್ಷೆ ಮೊಬೈಲಿಗೆ ಎಚ್ಚರಿಕೆ ಕಳಿಸುತ್ತದೆ, ಒಳ್ಳೆಯದೇ. ಆದರೆ ಆ ಉಪಗ್ರಹದ ಒಂದು ಚುಕ್ಕಿ ಅಂದರೆ ನೆಲದ ಮೇಲೆ 375 ಮೀಟರ್, ಅದು ನಮ್ಮ ತಲೆಯ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸಿಗೆ. ಮಧ್ಯಾಹ್ನ ಮೂರಕ್ಕೆ, ಬಿಸಿಲು ಗಾಳಿ ಎರಡೂ ಜೋರಾಗಿರುವಾಗ ಹೊತ್ತಿದ್ದು ಅದಕ್ಕೆ ಕಾಣುವುದು ರಾತ್ರಿಗೆ. ಗುಡ್ಡದ ಮೇಲಿನ ಕಾವಲುಗಾರನ ಕಣ್ಣಿಗೆ ಅದು ಪರ್ಯಾಯವಲ್ಲ.

ಇನ್ನು ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಕಾಡಿನ ಅಂಚಿನಲ್ಲಿ ಮೊದಲೇ ಬೋಳು ಮಾಡಿಡುವ ಪಟ್ಟಿ. ಅಂಚಿನ ಹುಲ್ಲು ಕತ್ತರಿಸಿ, ಒಣಗಿಸಿ, ಬೆಳಗಿನ ಇಬ್ಬನಿ ಇನ್ನೂ ಬೀಳುತ್ತಿರುವ ಡಿಸೆಂಬರ್-ಜನವರಿಯಲ್ಲೇ ಸುಟ್ಟು ಮುಗಿಸಬೇಕು. ಹಣ ತಡವಾಗಿ, ಕೂಲಿಯವರು ತಡವಾಗಿ ಬಂದು ಕೆಲಸ ಫೆಬ್ರವರಿ ಕೊನೆಗೆ ಜಾರಿದರೆ, ರೇಖೆ ಸುಡಲು ಇಟ್ಟ ಬೆಂಕಿಯೇ ಕಾಡಿಗೆ ನುಗ್ಗುವ ಅಪಾಯ. ಸುಡದೆ ಬಿಟ್ಟರೋ, ಕತ್ತರಿಸಿ ಹಾಕಿದ ಹುಲ್ಲು ಬತ್ತಿಯ ಹಾಗೆ ಬಿದ್ದಿರುತ್ತದೆ.

ಎಲ್ಲಕ್ಕಿಂತ ಬಿಗಿಯಾದ ಗಂಟು ಕ್ಯಾಲೆಂಡರಿನಲ್ಲಿದೆ. ನಮ್ಮ ಬೆಂಕಿಯ ಕಾಲ ಜನವರಿಯಿಂದ ಮೇವರೆಗೆ. ನಮ್ಮ ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಬೆಂಕಿಯ ಕಾಲದ ನಟ್ಟನಡುವೆ. ಬೇಸಿಗೆಗೆಂದು ದಿನಗೂಲಿಗೆ ತೆಗೆದುಕೊಂಡ ಕಾವಲುಗಾರನ ಸಂಬಳಕ್ಕಿಟ್ಟ ಹಣದ ಲೆಕ್ಕ ಅವತ್ತಿಗೆ ಮುಚ್ಚಿ, ಹೊಸ ಮಂಜೂರಾತಿ ಬರುವವರೆಗೆ ಏಪ್ರಿಲ್‌ನ ದಿನಗಳು ಕಳೆಯುತ್ತವೆ. ಏಪ್ರಿಲ್ ಅಂದರೆ ಎಲೆಯೆಲ್ಲ ಉದುರಿ ನೆಲ ಹಪ್ಪಳದಂತಾಗಿರುವ ತಿಂಗಳು. ಇಂಥ ಕಚೇರಿಯೊಂದನ್ನು ನಾಳೆ ಬೆಂಗಳೂರಿನಲ್ಲಿ ತೆರೆದರೆ, ಲಾಂಛನ ಬರೆಸುವ ಮುಂಚೆ, ಕಟ್ಟಡ ಹುಡುಕುವ ಮುಂಚೆ, ಅದು ಹಣಕಾಸು ಇಲಾಖೆಗೆ ಕಳಿಸಬೇಕಾದ ಮೊದಲ ಕಡತ ಇದು: ಬೆಂಕಿ ಕಾವಲಿನ ಹಣ ಅಕ್ಟೋಬರ್‌ನಲ್ಲೇ ಬಿಡುಗಡೆಯಾಗಬೇಕು, ಮತ್ತು ಮಾರ್ಚ್ 31ರ ರಾತ್ರಿ ಗುಡ್ಡದ ಮೇಲಿದ್ದವನ ಕೂಲಿ ಏಪ್ರಿಲ್ 1ರ ಬೆಳಿಗ್ಗೆಯೂ ನಡೆಯುತ್ತಿರಬೇಕು.